ಯಾರ ಕೈಯ ಅಡುಗೆ?

ನಮ್ಮ ಮನೆಗಳಲ್ಲಿ ಅಡುಗೆಯೆಂಬುದು ಕೇವಲ ಹೊಟ್ಟೆಯ ಪಾಡಲ್ಲ. ಒಲೆಯಿಂದ ಇಳಿದದ್ದು ಪದಾರ್ಥ; ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಆದುದರಿಂದಲೇ ಏನನ್ನು ಬೇಯಿಸಲಾಗಿದೆ ಎಂಬುದರ ಜೊತೆಗೆ ಯಾರು ಬೇಯಿಸಿದರು ಎಂದೂ ನಮ್ಮ ಹಿರಿಯರು ಕೇಳುತ್ತಿದ್ದರು. ಈ ಎರಡನೆಯ ಪ್ರಶ್ನೆಗೆ ನಾನು ಒಮ್ಮೆ ಸುಳ್ಳು ಉತ್ತರವನ್ನು ಕೊಟ್ಟೆ. ಅದರಿಂದ ಕಲಿತ ಪಾಠವನ್ನು, ಒಂದು ಹೂಕೋಸು ಮತ್ತು ಹತ್ತು ಆಲೂಗಡ್ಡೆಗಳ ನೆಪದಲ್ಲಿ, ಸೋದರಿಯರ ಮುಂದಿಡಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮೇ ತಿಂಗಳಲ್ಲಿ ಮೊದಲ ಮಳೆಗಳು ಬಿದ್ದು ನೆಲ ಹದವಾದೊಡನೆ ನಮ್ಮ ಕಡೆ ಆಲೂಗಡ್ಡೆಯ ಬಿತ್ತನೆ ಆರಂಭವಾಗುತ್ತದೆ. ಸುಮಾರು ತೊಂಬತ್ತು ದಿನಗಳ ಬೆಳೆ. ಅಂಗಮಾರಿ ರೋಗ ತಗುಲದೆ ಉಳಿದರೆ ಶ್ರಾವಣದ ಹೊತ್ತಿಗೆ ಗೆಡ್ಡೆ ಕೀಳಬಹುದು. ಬಿತ್ತನೆಯ ಗೆಡ್ಡೆ ಮಾತ್ರ ನಮ್ಮ ನೆಲದ್ದಲ್ಲ. ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಹಾಸನದ ಮಾರುಕಟ್ಟೆಗೆ ಬರುತ್ತದೆ. ಅಲ್ಲಿಯ ಚಳಿಗಾಲದಲ್ಲಿ ರೋಗ ಹರಡುವ ಹೇನುಗಳ ಕಾಟ ಕಡಿಮೆಯಾದ್ದರಿಂದ ಬೀಜದ ಗೆಡ್ಡೆ ಶುದ್ಧವಾಗಿರುತ್ತದೆಂದು ತಿಳಿದವರು ಹೇಳುತ್ತಾರೆ. ನಮ್ಮವರು ಬಹುಕಾಲ ಬಿತ್ತಿದ ಕುಫ್ರಿ ಜ್ಯೋತಿ ತಳಿಯೂ 1968ರಲ್ಲಿ ಶಿಮ್ಲಾದ ಸಂಶೋಧನಾ ಸಂಸ್ಥೆಯಿಂದ ಹೊರಬಂದದ್ದು. ಹೀಗೆ ವರ್ಷವರ್ಷವೂ ಉತ್ತರದ ಬೀಜವನ್ನು ನಮ್ಮ ಹೊಲ ಮಡಿಲಿಗೆ ತೆಗೆದುಕೊಳ್ಳುತ್ತಲೇ ಇತ್ತು. ನಮ್ಮ ಮನೆಗೆ ಮಾತ್ರ ಅದು ಅಷ್ಟು ಸುಲಭವಾಗಲಿಲ್ಲ.

2014ರಲ್ಲಿ ನಮ್ಮ ಮಗ ತನ್ನೊಡನೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಜಲಂಧರದ ಕಡೆಯ ಹುಡುಗಿಯನ್ನು ಮದುವೆಯಾದನು. ಸಿಖ್ಖರ ಮನೆತನ. ಆಕೆಯ ತವರಿನಲ್ಲಿಯೂ ಮಾಂಸದ ಬಳಕೆಯಿಲ್ಲ. ನಾವು ಗಂಡಹೆಂಡಿರು ಒಪ್ಪಿದೆವು. ಆದರೆ ನಮ್ಮ ಅತ್ತೆಯವರು ಆಗ ಎಂಬತ್ತೆರಡು ವರ್ಷದವರು. ಎಳವೆಯಲ್ಲಿಯೇ ಲಿಂಗದೀಕ್ಷೆಯಾದವರು. ಲಿಂಗಧಾರಣೆಯಿಲ್ಲದವರ ಕೈಯ ಬೆಂದ ಅಡುಗೆಯನ್ನು ಮುಟ್ಟಬಾರದೆಂಬ ನಿಯಮವನ್ನು ಜೀವಮಾನವಿಡೀ ನಡೆಸಿಕೊಂಡು ಬಂದವರು. ಮದುವೆಗೆ ಅವರು ಅಡ್ಡಿ ಹೇಳಲಿಲ್ಲ. ಅಡುಗೆಯ ಮಾತನ್ನು ನಾವು ಎತ್ತಲಿಲ್ಲ.

ಎತ್ತದೆ ಹೋದದ್ದೇ ನನ್ನ ತಪ್ಪು. ಸೊಸೆ ಊರಿಗೆ ಬಂದಾಗಲೆಲ್ಲ, “ನೀನು ದಿನವೂ ದುಡಿಯುವವಳು, ಇಲ್ಲಿ ಸುಧಾರಿಸಿಕೋ ಮಗಳೇ” ಎಂದು ಆಕೆಯನ್ನು ಅಡುಗೆಮನೆಯಿಂದ ಹೊರಗೇ ಇಡುತ್ತಿದ್ದೆ. ಕೇಳುವವರಿಗೆ ಅದು ಅಕ್ಕರೆಯ ಮಾತು. ಒಳಗಿನ ಕಾರಣ ಬೇರೆ. ಮೂರು ಸಲ ಬಂದು ಹೋದರೂ ಆ ಹುಡುಗಿ ನಮ್ಮ ಒಲೆಯ ಮೇಲೆ ಒಂದು ಲೋಟ ಹಾಲನ್ನೂ ಕಾಯಿಸಿರಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿಬಿದ್ದು ನನ್ನ ಬಲಗೈ ಮುರಿಯಿತು. ಸೊಸೆ ರಜೆ ಹಾಕಿ ಬಂದಳು. ನಾನು ಆಗಲೂ ಬುದ್ಧಿವಂತಿಕೆ ತೋರಿದೆ. ನಮ್ಮವರೇ ಆದ ನೆರೆಮನೆಯ ಗೆಳತಿ ಬೆಳಗಿನ ಹೊತ್ತು ಬಂದು ಅತ್ತೆಯವರಿಗಾಗಿ ಎರಡು ಹೊತ್ತಿನ ಅಡುಗೆ ಮಾಡಿಟ್ಟು ಹೋಗುವಂತೆ ಏರ್ಪಾಡು ಮಾಡಿದೆ. ಸೊಸೆ ನನಗೂ ತನ್ನ ಗಂಡ, ಮಾವಂದಿರಿಗೂ ಬೇಯಿಸುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ಅಡುಗೆ ಏಕೆಂದು ಆಕೆ ಕೇಳಲಿಲ್ಲ. ಕೇಳದಿದ್ದುದರಿಂದ ತಿಳಿದಿಲ್ಲವೆಂದು ನಾನು ಭಾವಿಸಿದೆ.

ಅಟ್ಟದ ಮೇಲೆ ನಮ್ಮ ಹಳೆಯ ಅಲ್ಯೂಮಿನಿಯಮ್ಮಿನ ಗುಂಡು ಓವನ್ ಇತ್ತು. ಮಗ ಚಿಕ್ಕವನಿದ್ದಾಗ ಬಿಸ್ಕತ್ತು ಮಾಡಲೆಂದು ಕೊಂಡದ್ದು. ಶಾಖವನ್ನು ಅಳೆಯುವ ಸಾಧನವೂ ಇಲ್ಲದ ಅದನ್ನು ಸೊಸೆ ಇಳಿಸಿ, ಒರೆಸಿ, ಒಂದು ಸಂಜೆ ಇಡೀ ಹೂಕೋಸನ್ನು ಅದರಲ್ಲಿ ಬೇಯಿಸಲು ಹೊರಟಳು. ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ನಾನು ನೋಡುತ್ತ ಕುಳಿತೆ.

ಮುಕ್ಕಾಲು ಕಿಲೋ ತೂಗುವ, ಬಿಗಿಯಾದ ಬಿಳಿಯ ಹೂವನ್ನು ಆರಿಸಿ, ಎಲೆ ತೆಗೆದು, ಬುಡವನ್ನು ಸಮನಾಗಿ ಕೊಯ್ದಳು. ಉಪ್ಪು, ಅರಿಸಿನ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ತಲೆಕೆಳಗಾಗಿ ಮುಳುಗಿಸಿಟ್ಟಳು; ಒಳಗೆ ಹುಳುವಿದ್ದರೆ ಬೆಂಕಿಗೆ ಬೀಳುವ ಮೊದಲೇ ಹೊರಬರಲೆಂದು. ಅನಂತರ ಕುದಿವ ಉಪ್ಪುನೀರಿನಲ್ಲಿ ಐದಾರು ನಿಮಿಷ ಮಾತ್ರ ಬೇಯಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ, ನೀರೆಲ್ಲ ಬಸಿಯುವವರೆಗೆ ಬಿಟ್ಟಳು. ನೀರು ಉಳಿದರೆ ಹೂರಣ ಜಾರಿಹೋಗುತ್ತದೆ.

ಹೂರಣಕ್ಕೆ ಒಂದು ಲೀಟರ್ ಹಾಲನ್ನು ನಿಂಬೆರಸದಿಂದ ಒಡೆಸಿ ಪನೀರು ಮಾಡಿದಳು. ಅಂಗಡಿಯ ಕೆಲವು ಗಿಣ್ಣುಗಳನ್ನು ಕರುವಿನ ಜಠರದ ಅಂಶದಿಂದ ಹೆಪ್ಪುಗಟ್ಟಿಸುತ್ತಾರೆ, ಮನೆಯಲ್ಲಿ ಒಡೆಸಿದ ಹಾಲಿಗೆ ಆ ಸಂಶಯವಿಲ್ಲ ಎಂಬುದನ್ನು ನನಗೆ ತಿಳಿಸಿದವಳು ಆಕೆಯೇ. ಪನೀರಿಗೆ ಬೇಯಿಸಿದ ಎರಡು ಆಲೂಗಡ್ಡೆ, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಜೀರಿಗೆಯ ಪುಡಿ, ಒಣಮಾವಿನ ಪುಡಿ, ಉಪ್ಪು, ಒಂದು ಹಿಡಿ ಗೋಡಂಬಿ, ದ್ರಾಕ್ಷಿ ಬೆರೆಸಿದಳು. ಹೂವನ್ನು ಮಗುಚಿ ಹಿಡಿದು, ಬುಡದ ಕಡೆಯಿಂದ ಎಸಳೆಸಳಿನ ಸಂದಿಗೂ ಬೆರಳ ತುದಿಯಿಂದ ತುಂಬಿದಳು. ಮೇಲೆ ಹಚ್ಚಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಒಂದು ಬಟ್ಟಲು ಗಟ್ಟಿ ಮೊಸರು. ಅದು ಒಡೆಯದಿರಲೆಂದು ಹುರಿದ ಎರಡು ಚಮಚ ಕಡಲೆಹಿಟ್ಟು. ಜೊತೆಗೆ ಖಾರದ ಪುಡಿ, ಅರಿಸಿನ, ಒಣ ಮೆಂತ್ಯದ ಸೊಪ್ಪು. ಓವನ್ನನ್ನು ಮೊದಲೇ ಕಾಯಿಸಿ, ಸುಮಾರು ಮೂವತ್ತೈದು ನಿಮಿಷ ಬೇಯಿಸಿ, ನಡುವೆ ಎರಡು ಸಲ ತುಪ್ಪ ಸವರಿದಳು. ಶಾಖ ಗೊತ್ತುಮಾಡುವ ಅನುಕೂಲವಿದ್ದವರು 200 ಡಿಗ್ರಿಯಲ್ಲಿ ಇಡಬಹುದು.

ಮುಚ್ಚಳ ತೆಗೆದಾಗ ಹೂವು ಹೊಂಬಣ್ಣಕ್ಕೆ ತಿರುಗಿ, ಅಂಚುಗಳಲ್ಲಿ ಅಲ್ಲಲ್ಲಿ ಕಪ್ಪಾಗಿತ್ತು. ಪರಿಮಳ ಪಡಸಾಲೆಗೆ ಹೋಯಿತು. ಲಿಂಗಪೂಜೆ ಮುಗಿಸಿ ಕುಳಿತಿದ್ದ ಅತ್ತೆಯವರು, “ಇದೇನವ್ವಾ, ಹೊಲದಲ್ಲಿ ಗೆಡ್ಡೆ ಸುಟ್ಟ ಹಾಗೆ ವಾಸನೆ! ನನಗೂ ಒಂದು ಚೂರು ಹಾಕು” ಎಂದರು. ಎಡಗೈಯಲ್ಲಿ ತಟ್ಟೆ ಹಿಡಿದು ಹೋದೆ. ಅವರು ತಟ್ಟೆಯನ್ನು ನೋಡಿ, “ಯಾರು ಮಾಡಿದ್ದು?” ಎಂದು ಕೇಳಿದರು.

ನಾನು, “ಪಕ್ಕದ ಮನೆಯವರು ಮಾಡಿಟ್ಟು ಹೋದರು ಅತ್ತೆ” ಎಂದೆ.

ಅವರು ಲಿಂಗಕ್ಕೆ ಅರ್ಪಿಸಿ, ಉಂಡು, ಇನ್ನೊಂದು ತುಂಡನ್ನು ಕೇಳಿ ಹಾಕಿಸಿಕೊಂಡರು. ತಿರುಗಿದರೆ ಬಾಗಿಲಲ್ಲಿ ಸೊಸೆ ನೀರಿನ ಚೊಂಬು ಹಿಡಿದು ನಿಂತಿದ್ದಾಳೆ. ಒಂದು ವರ್ಷದಲ್ಲಿ ಆಕೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕನ್ನಡವನ್ನು ಕಲಿತಿದ್ದಳೆಂಬುದು ಆ ಮುಖದಲ್ಲಿ ತಿಳಿಯಿತು. ಚೊಂಬನ್ನು ಅಲ್ಲಿಟ್ಟು ಹಿಂದಿರುಗಿದಳು. ಒಂದು ಮಾತನ್ನೂ ಆಡಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೋಯುತ್ತಿದ್ದುದು ಮುರಿದ ಕೈ ಮಾತ್ರವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನೆರೆಮನೆಯ ಗೆಳತಿ ಬಂದೊಡನೆ ಅತ್ತೆಯವರು, “ಆ ಹೂಕೋಸಿನೊಳಗೆ ಏನು ತುಂಬಿದ್ದೆ ಕಣವ್ವಾ? ಹಲ್ಲಿಲ್ಲದ ಬಾಯಿಗೂ ರುಚಿ ಹತ್ತಿತು” ಎಂದು ಹೊಗಳಿದರು. ಆಕೆ, “ನಾನು ಹೂಕೋಸು ಮಾಡಲೇ ಇಲ್ಲವಲ್ಲ ದೊಡ್ಡಮ್ಮ” ಎಂದಳು.

ಗೆಳತಿ ಹೋದ ಮೇಲೆ ಅತ್ತೆಯವರು ನನ್ನನ್ನು ಕರೆದರು. ಸಿಟ್ಟಿನ ಮಾತು ಬರಬಹುದೆಂದು ತಲೆ ತಗ್ಗಿಸಿ ನಿಂತೆ. ಅವರು ದನಿ ಏರಿಸಲಿಲ್ಲ. “ನೇಮ ನನ್ನದು. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನನ್ನನ್ನು ಕೇಳಬೇಕಾಗಿತ್ತು. ನೀನು ಕೇಳಲೇ ಇಲ್ಲ. ಕಣ್ಣು ಕಾಣದ ಮುದುಕಿ ಎಂದು ನನ್ನ ಕೈ ಹಿಡಿದು ದಾಟಿಸಿಬಿಟ್ಟೆ. ಅದು ಒಂದು. ಆ ಮಗು ಸಂಜೆಯೆಲ್ಲ ನಿಂತು ಮಾಡಿದ ಕಾಯಕವನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಟ್ಟೆ. ಅದು ಇನ್ನೊಂದು. ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದು ಗಂಡನಿಗೆ ಹೇಳಿದವಳು ನಮ್ಮ ಲಕ್ಕಮ್ಮ. ನಮ್ಮದಲ್ಲದ ಕಾಳನ್ನೇ ಇಟ್ಟುಕೊಳ್ಳಬಾರದು ಎಂದ ಮೇಲೆ, ಇನ್ನೊಬ್ಬರ ದುಡಿಮೆಯ ಹೆಸರನ್ನು ಇಟ್ಟುಕೊಳ್ಳಬಹುದೇ?”

ನಾನು ಒಂದು ಏಟಿಗೆ ಇಬ್ಬರನ್ನು ನೋಯಿಸಿದ್ದೆನೆಂದು ಆಗ ಅರಿವಾಯಿತು. ಮನೆಯ ಶಾಂತಿಗಾಗಿ ಸುಳ್ಳಾಡಿದೆನೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನಿಜವಾಗಿ ಉಳಿಸಿಕೊಂಡದ್ದು ನನ್ನ ನೆಮ್ಮದಿಯನ್ನು. ಅತ್ತೆಯವರ ನಿಷ್ಠೆಯನ್ನೂ ನಾನು ಗೌರವಿಸಲಿಲ್ಲ, ಸೊಸೆಯ ಶ್ರಮವನ್ನೂ ಗೌರವಿಸಲಿಲ್ಲ.

“ನಿನ್ನೆಯ ಊಟದಿಂದ ನಿಮ್ಮ ನೇಮ ಕೆಟ್ಟಿತಲ್ಲ ಅತ್ತೆ” ಎಂದು ಅಳುತ್ತ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ಸೌದೆ ಮಾರಿದ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಅಂಬಲಿ ಉಂಡರೆಂದು ಹೇಳುತ್ತಾರಲ್ಲ. ಜಲಂಧರ ಅಷ್ಟು ದೂರವೂ ಇಲ್ಲವಂತೆ” ಎಂದು ನಕ್ಕು, “ಮಾರಯ್ಯ ಶರಣನಾದವನು, ಈ ಹುಡುಗಿಗೆ ಇನ್ನೂ ದೀಕ್ಷೆಯಿಲ್ಲ, ಅದು ನನಗೆ ಗೊತ್ತು. ಆದರೆ ಇನ್ನು ಈ ನೇಮವನ್ನು ನಾನೇ ಬಿಡುತ್ತೇನೆ. ನೀನು ಬಿಡಿಸಿದ್ದಲ್ಲ. ಅವಳನ್ನು ಕರೆ” ಎಂದರು.

ಸೊಸೆ ಬಂದು ನಿಂತಳು. ನಾನು ಆಕೆಯ ಮುಂದೆಯೇ ನಡೆದದ್ದನ್ನೆಲ್ಲ ಒಪ್ಪಿಕೊಂಡು ಕ್ಷಮೆ ಕೇಳಿದೆ. ಆಕೆ ತನ್ನ ತೊಡಕು ತೊಡಕಾದ ಕನ್ನಡದಲ್ಲಿ, “ನಮ್ಮೂರಲ್ಲಿ ಒಂದು ತಂದೂರು ಇದೆ ಅಜ್ಜಿ. ಓಣಿಯವರದೆಲ್ಲ ಒಂದೇ. ಯಾರ ರೊಟ್ಟಿ ಯಾವುದು ಎಂದು ಬೆಂಕಿ ಕೇಳುವುದಿಲ್ಲ” ಎಂದಳು. ಪಂಜಾಬಿನ ಹಳ್ಳಿಗಳಲ್ಲಿ ಆ ಸಾಮೂಹಿಕ ಒಲೆಗೆ ಸಾಂಝಾ ಚೂಲ್ಹಾ ಎನ್ನುತ್ತಾರೆ. ಗುರು ನಾನಕರ ಪರಂಪರೆಯ ಲಂಗರಿನಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಇದನ್ನು ಕೇಳಿದ ಅತ್ತೆಯವರು, “ಹಾಗಾದರೆ ದಾಸೋಹ ನಿಮ್ಮಲ್ಲೂ ಇದೆ ಎನ್ನು” ಎಂದರು. ಅಂದೇ ಸಂಜೆ ಅವರು ಒಲೆಯ ಬಳಿ ಮಣೆ ಹಾಕಿಸಿಕೊಂಡು ಕುಳಿತು, “ಇವತ್ತು ನಮ್ಮ ಹೊಲದ ಗೆಡ್ಡೆ. ತುಂಬುವುದಕ್ಕೆ ನಾನು ಹೇಳಿಕೊಡುತ್ತೇನೆ” ಎಂದರು.

ಆ ಆಲೂಗಡ್ಡೆಯ ಕ್ರಮ ಹೀಗೆ. ಒಂದೇ ಗಾತ್ರದ ಹತ್ತು ಗೆಡ್ಡೆಗಳನ್ನು ಸಿಪ್ಪೆಸಹಿತ ಮುಕ್ಕಾಲು ಪಾಲು ಬೇಯಿಸಿ ಆರಿಸಬೇಕು. ಒಂದು ತುದಿಯನ್ನು ಕೊಯ್ದು, ಚಮಚದ ಹಿಂತುದಿಯಿಂದ ಒಳಗನ್ನು ತೋಡಬೇಕು. ಗೋಡೆ ಅರ್ಧ ಬೆರಳು ದಪ್ಪ ಉಳಿಯಲಿ, ತೆಳುವಾದರೆ ಬಿರಿಯುತ್ತದೆ. ಒಳಗೆ ಚಿಟಿಕೆ ಉಪ್ಪು ಸವರಬೇಕು. ಹೂರಣಕ್ಕೆ ನಮ್ಮ ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯೇ: ಹುರಿದ ಕಡಲೆಕಾಯಿ ಬೀಜ ಒಂದು ಬಟ್ಟಲು, ಎಳ್ಳು ಮತ್ತು ಹುಚ್ಚೆಳ್ಳು ಎರಡೆರಡು ಚಮಚ, ಒಣಕೊಬ್ಬರಿ ಅರ್ಧ ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ ಆರು, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ. ಇವನ್ನು ತರಿತರಿಯಾಗಿ ಪುಡಿಮಾಡಿ, ಹುಣಿಸೆಯ ಗಟ್ಟಿ ರಸ, ಬೆಲ್ಲ, ಉಪ್ಪು, ತೋಡಿ ತೆಗೆದ ಗೆಡ್ಡೆಯ ತಿರುಳನ್ನು ಸೇರಿಸಿ ಕಲಸಿ ತುಂಬಬೇಕು. ಕೊಯ್ದ ತುದಿಯನ್ನೇ ಮುಚ್ಚಳವಾಗಿಟ್ಟು, ಮೇಲೆಲ್ಲ ಎಣ್ಣೆ ಸವರಿ, ಅರ್ಧ ಗಂಟೆ ಓವನ್ನಿನಲ್ಲಿಡಬೇಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದರೂ ಆದೀತು. ಅತ್ತೆಯವರ ಕಾಲದ ಓವನ್ ಅದೇ. ರಾಗಿ ರೊಟ್ಟಿಯೊಡನೆ ಎರಡು ಗೆಡ್ಡೆಯಾದರೆ ಹೊಟ್ಟೆ ತುಂಬುತ್ತದೆ.

ಅಂದು ವಿದ್ಯುತ್ ನಡುವೆಯೇ ಹೋಯಿತು. ಆಗ ಅಜ್ಜಿ ಮೊಮ್ಮಗನ ಹೆಂಡತಿಗೆ ಕೆಂಡದ ಉಪಾಯವನ್ನು ಹೇಳಿಕೊಟ್ಟರು. ಸೊಸೆ ತನ್ನ ಒಣಮಾವಿನ ಪುಡಿಯನ್ನು ಒಂದು ಚಿಟಿಕೆ ಸೇರಿಸಲು ಒಪ್ಪಿಗೆ ಕೇಳಿದಳು. ಅತ್ತೆಯವರು ರುಚಿ ನೋಡದೆಯೇ ಒಪ್ಪಿದರು.

ಆಲೂಗಡ್ಡೆ ದಕ್ಷಿಣ ಅಮೆರಿಕದ ಬೆಟ್ಟಗಳಿಂದ ಬಂದದ್ದು. ಹೂಕೋಸು 1822ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದದ್ದು. ಶರಣರ ಕಾಲದ ಕಲ್ಯಾಣದಲ್ಲಿ ಇವೆರಡೂ ಇರಲಿಲ್ಲ. ಇಂದು ಇವಿಲ್ಲದೆ ನಮ್ಮ ಮದುವೆ, ಮುಂಜಾವಿನ ಉಪಾಹಾರಗಳು ನಡೆಯುವುದಿಲ್ಲ. ಕಾಯಿಪಲ್ಯವನ್ನು ಊರು ಕೇಳದೆ ಒಳಗೆ ಕರೆದುಕೊಂಡ ಅಡುಗೆಮನೆಯ ಬಾಗಿಲಲ್ಲಿ, ನಾನು ಒಂದು ಹೆಣ್ಣುಮಗಳನ್ನು ಒಂದು ವರ್ಷ ನಿಲ್ಲಿಸಿದ್ದೆನೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅತ್ತೆಯವರು 2018ರಲ್ಲಿ ಲಿಂಗೈಕ್ಯರಾದರು. ಮೊದಲ ವರ್ಷದ ಸ್ಮರಣೆಯ ಶಿವಗಣಾರಾಧನೆಯ ದಿನ ಸೊಸೆ ತಾನಾಗಿಯೇ ನಲವತ್ತು ಆಲೂಗಡ್ಡೆಗಳನ್ನು ತುಂಬಿದಳು. ಪಂಕ್ತಿಯಲ್ಲಿ ಕುಳಿತಿದ್ದ ಬಂಧುಗಳಲ್ಲಿ ಹಿರಿಯರೊಬ್ಬರು ಬಾಯಿಗಿಡುವ ಮೊದಲು ತಲೆಯೆತ್ತಿ, “ಇದು ಯಾರ ಕೈಯ ಅಡುಗೆ?” ಎಂದು ಕೇಳಿದರು. ಪಂಕ್ತಿಗೆಲ್ಲ ಕೇಳುವಂತೆ, “ನಮ್ಮ ಸೊಸೆಯದು” ಎಂದೆ. ಅವರು ಒಂದು ಗಳಿಗೆ ಯೋಚಿಸಿ, ಊಟಕ್ಕೆ ಕೈ ಹಾಕಿದರು.