ಕುಂಜುಮ್ ಘಟ್ಟದ ಆಚೆ

ಕುಂಜುಮ್ ಘಟ್ಟದ ನೆತ್ತಿಯಲ್ಲಿ ನಮ್ಮ ಬಸ್ಸು ದೇವಿಯ ಗುಡಿಗೆ ಒಂದು ಸುತ್ತು ಹಾಕಿ ನಿಂತಿತು. ಗುಡಿಯ ಕಲ್ಲಿಗೆ ನಾಣ್ಯ ಒತ್ತಿ ಹಿಡಿಯಬೇಕಂತೆ, ಅಂಟಿಕೊಂಡರೆ ಒಳ್ಳೆಯದಂತೆ. ನನ್ನದು ಉದುರಿತು. 4,500 ಮೀಟರಿಗೂ ಮೇಲಿನ ಆ ಗಾಳಿಯಲ್ಲಿ ಬಗ್ಗಿ ಅದನ್ನು ಹೆಕ್ಕುವಷ್ಟರಲ್ಲೇ ಏದುಸಿರು ಬಂತು.

ಘಟ್ಟದ ಹಿಂದೆ ಲಾಹೌಲ್, ಮುಂದೆ ಸ್ಪಿತಿ. ಎರಡೂ ಸೇರಿ ಹಿಮಾಚಲದ ಒಂದೇ ಜಿಲ್ಲೆ. 1960ರವರೆಗೆ ಇದು ಕಾಂಗ್ಡಾಕ್ಕೆ ಸೇರಿತ್ತು. ಆಮೇಲೆ ಪಂಜಾಬಿನ ಪ್ರತ್ಯೇಕ ಜಿಲ್ಲೆ, 1966ರಿಂದ ಹಿಮಾಚಲದ್ದು. ವಿಸ್ತೀರ್ಣದಲ್ಲಿ ನಮ್ಮ ಉತ್ತರ ಕನ್ನಡವನ್ನೂ ಮೀರಿಸಿ 13,800 ಚದರ ಕಿಲೋಮೀಟರ್ ದಾಟುತ್ತದೆ. 2011ರ ಗಣತಿಯಲ್ಲಿ ನಾವು 14 ಲಕ್ಷಕ್ಕೂ ಹೆಚ್ಚಿದ್ದೆವು. ಇಲ್ಲಿ ಲೆಕ್ಕಕ್ಕೆ ಸಿಕ್ಕವರು 31,564. ಚದರ ಕಿಲೋಮೀಟರಿಗೆ ಇಬ್ಬರು! ಗಣತಿಯ ಪ್ರಕಾರ ಪಟ್ಟಣವೆನ್ನುವುದು ಒಂದೂ ಇಲ್ಲ, ಜಿಲ್ಲಾ ಕೇಂದ್ರ ಕೇಲಾಂಗ್ ಕೂಡ ಹಳ್ಳಿಯೇ. ದೇಶವೆಲ್ಲ 2011ರ ಮಾರ್ಚ್ 1ಕ್ಕೆ ತಲೆ ಎಣಿಸಿದರೆ, ಹಿಮ ಮುಚ್ಚುವ ಇಂಥ ಪ್ರದೇಶಗಳಿಗೆ 2010ರ ಅಕ್ಟೋಬರ್ 1 ಎಂದು ಬೇರೆಯೇ ದಿನ ಗೊತ್ತುಮಾಡಿದ್ದರು. ಮಾರ್ಚಿನಲ್ಲಿ ಎಣಿಸಲು ಹೊರಟವರನ್ನೇ ಹುಡುಕಬೇಕಾಗುತ್ತಿತ್ತು.

ಚಳಿಗಾಲದಲ್ಲಿ ಕುಂಜುಮ್ ಮುಚ್ಚುತ್ತದೆ. ಆಗ ಸ್ಪಿತಿಯವರು ಕೇಲಾಂಗಿನ ಕಚೇರಿಗೆ ಹೋಗಬೇಕೆಂದರೆ ಕಿನ್ನೌರ್, ಶಿಮ್ಲಾ, ಮನಾಲಿ ಬಳಸಿ 700 ಕಿಲೋಮೀಟರಿಗೂ ಹೆಚ್ಚು. ಅದಕ್ಕೇ ಸ್ಪಿತಿಯ ಕಾಜಾದಲ್ಲಿ ಹೆಚ್ಚುವರಿ ಜಿಲ್ಲಾಧಿಕಾರಿಯೊಬ್ಬರು ಕೂರುತ್ತಾರೆ; ಸ್ಪಿತಿಯ ಪಾಲಿಗೆ ಅವರೇ ಸರ್ಕಾರ. ಒಂದು ಸಹಿಗಾಗಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಅಲೆದ ಶಿರಸಿಯವನಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ತಹಸೀಲು ಬರುವ ಮೊದಲು ಸ್ಪಿತಿಯಲ್ಲಿ ಕೋಠಿ ಎಂಬ ಐದು ಹಳ್ಳಿಗುಂಪುಗಳಿದ್ದವು, ಅವುಗಳ ಮೇಲೆ ನೋನೊ ಎಂಬ ವಂಶಪಾರಂಪರ್ಯದ ಒಡೆಯ. ದೂರದ ಈ ಕಣಿವೆಯನ್ನು ತಾವೇ ಆಳುವ ಉಸಾಬರಿ ಬೇಡವೆಂದೋ ಏನೋ, ಬ್ರಿಟಿಷರು 1873ರಲ್ಲಿ ಕಾಯ್ದೆಯನ್ನೇ ಮಾಡಿ ಅವನಿಗೆ ಅಧಿಕಾರ ಬಿಟ್ಟುಕೊಟ್ಟರು. ಇನ್ನು, ಇಲ್ಲಿ ಜನ ಇಷ್ಟು ಕಡಿಮೆಯಿರುವುದಕ್ಕೆ ಚಳಿಯೊಂದೇ ಕಾರಣವಲ್ಲ. ಹಿಮದ ನೀರು ಹಾಯಿಸಿದಲ್ಲಿ ಮಾತ್ರ ಬಾರ್ಲಿ, ಬಟಾಣಿ. ಅಷ್ಟು ಹೊಲ ಪಾಲಾದರೆ ಯಾರ ಹೊಟ್ಟೆಯೂ ತುಂಬದು. ಹಾಗಾಗಿ ಆಸ್ತಿಯೆಲ್ಲ ಹಿರಿಮಗನಿಗೆ. ಅವನು ಮನೆಯ ಯಜಮಾನನಾದ ಮೇಲೆ ಅಪ್ಪ-ಅಮ್ಮ 'ಖಾಂಗ್‌ಚುಂಗ್' ಎಂಬ ಚಿಕ್ಕ ಮನೆಗೆ ಸರಿಯುತ್ತಾರೆ. ಕಿರಿಯರು ಗೊಂಪಕ್ಕೆ, ಅಂದರೆ ಬೌದ್ಧ ಮಠಕ್ಕೆ; ಮದುವೆಯಿಲ್ಲ. ಇಷ್ಟು ಸಣ್ಣ ಹಳ್ಳಿಗಳ ನೆತ್ತಿಯ ಮೇಲೆ ಕೀ ಗೊಂಪದಂಥ ದೊಡ್ಡ ಮಠ ಹೇಗೆ ತುಂಬಿತೆಂಬ ನನ್ನ ಬೆರಗಿಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಕೀ ಗೊಂಪದ ಹೊಗೆಹಿಡಿದ ಅಡುಗೆಮನೆಯಲ್ಲಿ ಲಾಮಾ ಒಬ್ಬರು ಚಹಾ ಕೊಟ್ಟರು. ಊರು ಯಾವುದೆಂದು ಕೇಳಿದವರು, ಶಿರಸಿ ಎಂದದ್ದೇ ತಡ, "ಊಟ ಆಯ್ತಾ ಸರ್?" ಎಂದು ಕನ್ನಡದಲ್ಲೇ ನಕ್ಕರು. ಓದಿದ್ದು ನಮ್ಮದೇ ಜಿಲ್ಲೆಯ ಮುಂಡಗೋಡದ ಮಠದಲ್ಲಂತೆ, ಹದಿನಾಲ್ಕು ವರ್ಷ. ಗಣತಿಯ ಹೊತ್ತಿಗೂ ಅಲ್ಲೇ ಇದ್ದರಂತೆ.

"ಹಾಗಾದರೆ ನೀವು ಈ ಜಿಲ್ಲೆಯ ಲೆಕ್ಕದಲ್ಲಿಲ್ಲ, ನಮ್ಮದರಲ್ಲಿದ್ದೀರಿ," ಎಂದೆ.

ಲಾಮಾ ಲೋಟಕ್ಕೆ ಮತ್ತಷ್ಟು ಚಹಾ ಬಗ್ಗಿಸುತ್ತ, ಮುಂಡಗೋಡದಲ್ಲಿ ಮಳೆ ನಿಂತಿತೇ ಎಂದು ವಿಚಾರಿಸಿದರು.