ಸೂಕ್ ವಾಕಿಫ್‌ನಲ್ಲಿ ಉಬ್ಬಸದ ಮದ್ದು

ಊರಿನಿಂದ ಬಂದ ಅಪ್ಪ-ಅಮ್ಮನನ್ನು ದೋಹಾದ ಸೂಕ್ ವಾಕಿಫ್‌ಗೆ ಕರೆದೊಯ್ಯದ ಕನ್ನಡಿಗರುಂಟೇ? 2003ರ ಬೆಂಕಿ ಅನಾಹುತದ ನಂತರ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ ಈ ಪೇಟೆಯ ಸಾಂಬಾರ ಓಣಿ ಹೊಕ್ಕರೆ ನಮ್ಮೂರ ಗ್ರಂಧಿಗೆ ಅಂಗಡಿಯ ನೆನಪಾಗುತ್ತದೆ. ಹಬ್ಬಾ ಸೌದಾ ಎಂದರೆ ನಮ್ಮ ಕರಿಜೀರಿಗೆ. ಇರ್ಕ್ ಸೂಸ್ ಎಂದರೆ ಅತಿಮಧುರ. ಜಾತರ್ ಸೊಪ್ಪು ಮೂಸಿದರೆ ಓಮದ ಘಾಟು! ಕೆಮ್ಮು-ದಮ್ಮಿಗೆ ಇಲ್ಲಿನ ಜನ ತಲೆಮಾರುಗಳಿಂದ ನಂಬಿದ ಮದ್ದುಗಳಿವು.

ಇವುಗಳ ಹಿಂದೆ ಯುನಾನಿ ವೈದ್ಯದ ದೊಡ್ಡ ಪರಂಪರೆಯಿದೆ. ಯುನಾನ್ ಎಂದರೆ ಗ್ರೀಸ್. ಗ್ರೀಕರ ವಿದ್ಯೆಯನ್ನು ಅರಬ್ಬಿಯಲ್ಲಿ ಬೆಳೆಸಿದವರಲ್ಲಿ ಇಬ್ನ್ ಸೀನಾ ಪ್ರಮುಖ. ಅವನ ‘ಅಲ್ ಕಾನೂನ್’ ಗ್ರಂಥ 1025ರ ಸುಮಾರಿನದು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಮತೋಲವೇ ಆರೋಗ್ಯವೆಂಬುದು ಇದರ ತತ್ತ್ವ. ಗಟ್ಟಿಯಾದ ಕಫ ದಾರಿ ಕಟ್ಟಿದರೆ ಉಬ್ಬಸ. ಅದನ್ನು ಮೊದಲು ಪಕ್ವಗೊಳಿಸಿ ಆಮೇಲೆ ಹೊರಹಾಕಬೇಕು. ಅದಕ್ಕಾಗಿ ಜೋಶಾಂದಾ ಎಂಬ ಕಷಾಯ, ಲವೂಕ್ ಎಂಬ ನೆಕ್ಕುವ ಮದ್ದು. ನಮ್ಮ ‘ಲೇಹ್ಯ’ಕ್ಕೂ ಅದೇ ಅರ್ಥವಲ್ಲವೇ! ಬೆಂಗಳೂರಿನ ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಇಂದಿಗೂ ಈ ಶಾಸ್ತ್ರದ ಉನ್ನತ ಶಿಕ್ಷಣ ನಡೆಯುತ್ತಿದೆ.

ಇದೇ ಪರಂಪರೆಯ ಮೈಮೊನಿಡಿಸ್ ಎಂಬ ವೈದ್ಯ 1190ರ ಸುಮಾರಿಗೆ ಈಜಿಪ್ಟಿನಲ್ಲಿ ಉಬ್ಬಸದ ಬಗ್ಗೆಯೇ ಒಂದು ಗ್ರಂಥ ಬರೆದ. ಶುದ್ಧ ಗಾಳಿ, ಮಿತಾಹಾರ, ನಿದ್ರೆ, ಮನಸ್ಸಿನ ನೆಮ್ಮದಿಗೆ ಅವನು ಕೊಟ್ಟ ಮಹತ್ವವನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಶಮಾಲ್ ಗಾಳಿ ಧೂಳೆಬ್ಬಿಸಿದ ದಿನ ಕಿಟಕಿ ಮುಚ್ಚಿ ಮನೆಯಲ್ಲಿರುವುದು, ಬಖೂರ್ ಮತ್ತು ಊದುಬತ್ತಿಯ ಹೊಗೆಯಿಂದ ದೂರವಿರುವುದು ಕತಾರಿನ ಉಬ್ಬಸ ರೋಗಿಗಳಿಗೆ ಮೊದಲ ಪಥ್ಯ.

ಹಾಗಾದರೆ ಮೂಲಿಕೆಗಳಲ್ಲಿ ಸತ್ವವಿಲ್ಲವೇ? ಖಂಡಿತ ಇದೆ. ಅರಬ್ ನಾಡುಗಳ ಹಳೆಯ ಮೂಲಿಕೆ ಖೆಲ್ಲಾ. ಸಿರಿಯಾದಲ್ಲಿ ಹುಟ್ಟಿದ ಡಾ. ರೋಜರ್ ಅಲ್ಟೂನ್ಯನ್ ಸ್ವತಃ ಉಬ್ಬಸ ರೋಗಿ. ಖೆಲ್ಲಾದ ಸತ್ವದ ಜಾಡು ಹಿಡಿದು ತಯಾರಿಸಿದ ಒಂದೊಂದೇ ರಾಸಾಯನಿಕವನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. 1960ರ ದಶಕದಲ್ಲಿ ಕ್ರೋಮೋಗ್ಲೈಕೇಟ್ ಎಂಬ ಔಷಧ ಬಂದದ್ದು ಹೀಗೆ. ಗಿಡದಿಂದ ಔಷಧದವರೆಗಿನ ದಾರಿಯೇ ಪರೀಕ್ಷೆ.

ನನ್ನ ಆತಂಕ ಇಷ್ಟೇ. ಇನ್‌ಹೇಲರ್ ‘ಚಟವಾಗುತ್ತದೆ’ ಎಂದು ಹೆದರಿ, ಪುಡಿ-ಕಷಾಯ ಸಿಕ್ಕೊಡನೆ ಅದನ್ನು ಬದಿಗಿಡುವ ಹಿರಿಯರು ಅನೇಕರು. ಇನ್‌ಹೇಲರ್ ಚಟವಲ್ಲ; ದಿನವೂ ಸೇದುವ ಸ್ಟೀರಾಯ್ಡ್ ಶ್ವಾಸನಾಳದ ಊತವನ್ನು ಹತೋಟಿಯಲ್ಲಿಡುತ್ತದೆ. ನಿಲ್ಲಿಸಿದರೆ ಮೊದಲ ಕೆಲವು ದಿನ ಏನೂ ಅನ್ನಿಸದು. ಊತ ಮಾತ್ರ ಒಳಗೊಳಗೇ ಮರಳುತ್ತದೆ. ಆಮೇಲೆ ಒಂದು ಧೂಳಿನ ರಾತ್ರಿ ಸಾಕು, ಪ್ರಾಣಕ್ಕೇ ಸಂಚಕಾರ. ಅತಿಮಧುರ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವೂ ಉಂಟು.

ಸೂಕ್‌ಗೆ ಅವಶ್ಯ ಹೋಗಿ, ಜಾತರ್ ಚಹಾ ಸವಿಯಿರಿ. ಕೊಂಡ ಪೊಟ್ಟಣವನ್ನು ನಿಮ್ಮ ವೈದ್ಯರಿಗೂ ತೋರಿಸಿ. ಅಪ್ಪ-ಅಮ್ಮನ ಜೇಬಿನಲ್ಲಿ ಇನ್‌ಹೇಲರ್ ಇರಲಿ. ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ ಕಷಾಯ ಕುದಿಸುತ್ತ ಕೂರದೆ ತಕ್ಷಣ 999ಕ್ಕೆ ಕರೆಮಾಡಿ.