ಸುಣ್ಣದ ಡಬ್ಬಿ ಮತ್ತು ಆಳದ ಉಸಿರು

ಮೈಸೂರಿನ ಸರಸ್ವತೀಪುರದ ಆ ಮನೆಯಲ್ಲಿ ನೀರಿನ ಮಾತೆತ್ತುವ ಹಾಗಿರಲಿಲ್ಲ. ಮಗ ಒಂಬತ್ತನೆಯ ತರಗತಿಗೆ ಬಂದರೂ ಈಜು ಕಲಿತಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದರೆ ಮೆಟ್ಟಿಲ ಮೇಲೆ ನಿಂತು ತಂಬಿಗೆಯಲ್ಲಿ ನೀರು ಹುಯ್ದುಕೊಳ್ಳುವುದಷ್ಟೇ. ಅಪ್ಪನ ತಮ್ಮ ಕಾಲೇಜಿನಲ್ಲಿದ್ದಾಗ ಕಾವೇರಿಯಲ್ಲಿ ಮುಳುಗಿಹೋಗಿದ್ದ. ಅವನ ಫೋಟೋ ನಡುಮನೆಯ ಗೋಡೆಯ ಮೇಲಿತ್ತು. ಅವನ ಮಾತು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಹುಡುಗನ ಸೋದರಮಾವನ ಮಗ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು ಬಂದ. ಅವನು ತೋರಿಸಿದ ಚಿತ್ರಗಳಲ್ಲೆಲ್ಲ ಬೆಳ್ಳಿಯಂಥ ಗುಳ್ಳೆಗಳು. ಆದರೆ ಟಿ.ವಿ.ಯಲ್ಲಿ ಹುಡುಗ ನೋಡಿದ್ದ ಮುಳುಗುಗಾರನ ಸುತ್ತ ಒಂದು ಗುಳ್ಳೆಯೂ ಇರಲಿಲ್ಲ. ಮೀನುಗಳು ಹೆದರದೆ ಅವನ ಪಕ್ಕದಲ್ಲೇ ಸುಳಿಯುತ್ತಿದ್ದವು.

"ಅಪ್ಪಾ, ಅವನು ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತೆ?"

"ಹೋಗಿ ಲೆಕ್ಕ ಮಾಡು."

ಉತ್ತರ ಸಿಗದ ಪ್ರಶ್ನೆ ಮಕ್ಕಳಲ್ಲಿ ಸುಮ್ಮನೆ ಕೂರುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಬಂದಿದ್ದ ಅತ್ತೆ ಹಿತ್ತಿಲಿಗೆ ಹೋದಾಗ ಹುಡುಗ ನೀರಿನ ತೊಟ್ಟಿಯ ಪಕ್ಕ ಕೂತಿದ್ದ. ಎದುರಿಗೆ ಅಜ್ಜಿಯ ಬಿಸಿನೀರಿನ ರಬ್ಬರ್ ಚೀಲ, ಒಂದು ತುಂಡು ಪೈಪು, ಎಲೆ ಅಡಿಕೆ ತಟ್ಟೆಯಿಂದ ಎತ್ತಿಕೊಂಡು ಬಂದ ಸುಣ್ಣದ ಡಬ್ಬಿ.

"ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳೋದು ಅತ್ತೆ. ಇಂಗಾಲದ ಡೈಆಕ್ಸೈಡನ್ನ ಸುಣ್ಣ ಹೀರಿಬಿಡುತ್ತೆ. ತೊಟ್ಟಿಯೊಳಗೆ ತಲೆ ಮುಳುಗಿಸಿ ನೋಡಬೇಕು."

ಅತ್ತೆ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಬೈಯಲಿಲ್ಲ. ಚೀಲವನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತರು.

ಹುಡುಗ ಊಹಿಸಿದ್ದು ಅರ್ಧ ಸರಿಯಾಗಿತ್ತು. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಹೊರಗೆ ಬಿಡುವಾಗಲೂ ಸುಮಾರು ಶೇ. 16 ಉಳಿದಿರುತ್ತದೆ. ಸಾಮಾನ್ಯ ಸಿಲಿಂಡರಿನ ಮುಳುಗುಗಾರ ಅದನ್ನೆಲ್ಲ ಗುಳ್ಳೆ ಮಾಡಿ ಸಮುದ್ರಕ್ಕೆ ಚೆಲ್ಲುತ್ತಾನೆ. ಇಳಿದಷ್ಟೂ ನಷ್ಟ ಹೆಚ್ಚು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುವುದರಿಂದ, 30 ಮೀಟರ್ ಆಳದಲ್ಲಿ ಒಂದು ಉಸಿರಿಗೆ ಮೇಲಿನ ನಾಲ್ಕು ಉಸಿರಿನಷ್ಟು ಗಾಳಿ ಬೇಕು. ಮೇಲೆ ಎರಡು ಗಂಟೆ ಬರುವ ಸಿಲಿಂಡರು ಅಲ್ಲಿ ಅರ್ಧ ಗಂಟೆಗೆ ಖಾಲಿ. ಆದರೆ ದೇಹ ಉರಿಸುವ ಆಮ್ಲಜನಕ ಆಳದೊಂದಿಗೆ ಹೆಚ್ಚುವುದಿಲ್ಲ. ಸಾಧಾರಣ ಈಜಿಗೆ ನಿಮಿಷಕ್ಕೆ ಒಂದು, ಒಂದೂವರೆ ಲೀಟರ್ ಸಾಕು. ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು, ಸೋಡಾ ಸುಣ್ಣದ ಹರಳುಗಳ ಮೂಲಕ ಹಾಯಿಸಿ, ಖರ್ಚಾದಷ್ಟೇ ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೆ ಕೊಡುವ ಉಪಕರಣವೇ ರೀಬ್ರೀದರ್. 2 ಲೀಟರಿನ ಪುಟ್ಟ ಆಮ್ಲಜನಕದ ಸಿಲಿಂಡರೇ ಅದರಲ್ಲಿ ಗಂಟೆಗಟ್ಟಲೆ ಬರುತ್ತದೆ.

"ನಮ್ಮ ಥಿಯೇಟರಿನ ಅರಿವಳಿಕೆ ಯಂತ್ರದಲ್ಲೂ ಇದೇ ಹರಳು ಕಣೋ," ಎಂದರು ಅತ್ತೆ. "ರೋಗಿ ಬಿಟ್ಟ ಉಸಿರು ಅದರ ಮೂಲಕವೇ ಸುತ್ತಿ ಬರೋದು. ಬಿಳಿ ಹರಳು ನೇರಳೆ ಬಣ್ಣಕ್ಕೆ ತಿರುಗಿದರೆ ಬದಲಾಯಿಸಬೇಕು. ಅಜ್ಜಿ ಮುಚ್ಚಳ ಹಾಕದೆ ಬಿಟ್ಟ ಸುಣ್ಣ ಮೇಲೆ ಗಟ್ಟಿಯಾಗುತ್ತಲ್ಲ, ಅದೂ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನ ಹೀರಿಯೇ."

ಹುಡುಗನ ಮುಖ ಅರಳಿತು. "ಹಾಗಾದರೆ ನಂದು ಸರಿ ತಾನೆ?"

"ಆಮ್ಲಜನಕ ಎಲ್ಲಿಂದ ಬರುತ್ತೆ?"

"ಚೀಲದಲ್ಲಿರೋದು ಮುಗಿದರೆ ಉಸಿರು ಕಟ್ಟುತ್ತಲ್ಲ, ಆಗ ತಲೆ ಎತ್ತಿಬಿಡ್ತೀನಿ."

"ಕಟ್ಟೋದಿಲ್ಲ ಮಗು. ಅಲ್ಲೇ ಇರೋದು ಮೋಸ."

ಉಸಿರು ಕಟ್ಟಿದ ಸಂಕಟವನ್ನು ನಮಗೆ ಮುಖ್ಯವಾಗಿ ತಿಳಿಸುವುದು ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಸುಣ್ಣ ಅದನ್ನು ಹೀರಿಬಿಟ್ಟರೆ ಎಚ್ಚರಿಸುವವರೇ ಇಲ್ಲ. ಎದೆ ಹಗುರವಾಗಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಸುಣ್ಣ ಚೆನ್ನಾಗಿ ಕೆಲಸ ಮಾಡಿದಷ್ಟೂ ಅಪಾಯ ಹೆಚ್ಚು.

ಆಮ್ಲಜನಕ ಹೆಚ್ಚಾದರೂ ಕಷ್ಟವೇ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲಿ ಇಂಥ ಉಪಕರಣ ರೂಪಿಸಿದ. 1880ರಲ್ಲಿ ಸೆವೆರ್ನ್ ನದಿಯಡಿಯ ರೈಲು ಸುರಂಗದಲ್ಲಿ ನೀರು ತುಂಬಿದ್ದಾಗ, ಅಲೆಕ್ಸಾಂಡರ್ ಲ್ಯಾಂಬರ್ಟ್ ಅದನ್ನು ಧರಿಸಿ ಕಗ್ಗತ್ತಲಲ್ಲಿ ನಡೆದುಹೋಗಿ ಒಳಗಿನ ಬಾಗಿಲು ಮುಚ್ಚಿ ಬಂದ. ಆದರೆ ಸುಮಾರು 6 ಮೀಟರಿಗಿಂತ ಕೆಳಗೆ ಶುದ್ಧ ಆಮ್ಲಜನಕವೇ ವಿಷವಾಗಿ ಸೆಳವು ತರಬಲ್ಲದು ಎಂಬುದು ಸ್ಪಷ್ಟವಾದದ್ದು ಆಮೇಲೆ. ಅದಕ್ಕೇ ಈಗಿನ ರೀಬ್ರೀದರಿನಲ್ಲಿ ಬೆರಕೆಗೆ ಇನ್ನೊಂದು ಸಿಲಿಂಡರು, ಆಮ್ಲಜನಕ ಅಳೆಯುವ ಒಂದಕ್ಕಿಂತ ಹೆಚ್ಚು ಸೆನ್ಸರುಗಳು, ಎಲ್ಲ ಕೈಕೊಟ್ಟರೆ ಎಂದು ಬೇರೆ ಗಾಳಿ. ಇಷ್ಟಿದ್ದೂ ವಿಶೇಷ ತರಬೇತಿ ಇಲ್ಲದೆ ಯಾರೂ ಅದನ್ನು ಮುಟ್ಟುವಂತಿಲ್ಲ. 2018ರಲ್ಲಿ ಥಾಯ್ಲೆಂಡಿನ ಗುಹೆಯಿಂದ 12 ಹುಡುಗರನ್ನೂ ಅವರ ತರಬೇತುದಾರನನ್ನೂ ಹೊರತರುವಾಗ ಅರಿವಳಿಕೆ ಕೊಟ್ಟ ಆಸ್ಟ್ರೇಲಿಯಾದ ಡಾ. ರಿಚರ್ಡ್ ಹ್ಯಾರಿಸ್ ರೀಬ್ರೀದರ್ ತೊಟ್ಟು ಆಳದ ಗುಹೆಗಳಿಗೆ ಇಳಿದವರು. ಉಸಿರಿನ ಲೆಕ್ಕ ಅವರಿಗೆ ಎರಡೂ ಕಡೆ ಗೊತ್ತಿತ್ತು.

ಅಪ್ಪ ಹಿತ್ತಿಲ ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದರು. ಮುಖ ಬಿಳುಚಿತ್ತು.

ಅತ್ತೆ ತಮ್ಮನ ಕಡೆ ತಿರುಗಿದರು. "ನೀರಿನ ಮಾತು ಮುಚ್ಚಿಟ್ಟರೆ ನೀರು ದೂರ ಹೋಗೋದಿಲ್ಲ ಕಣೋ. ಅವನಿಗೂ ಈಜು ಬರ್ತಿರಲಿಲ್ಲ, ನೆನಪಿದೆಯಾ?"

ಅಪ್ಪ ಏನೂ ಹೇಳಲಿಲ್ಲ. ಸುಣ್ಣದ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಸೋಮವಾರ ಬೆಳಿಗ್ಗೆ ಅವರು ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಮಗನ ಹೆಸರು ಬರೆಸಿದರು. ಮೊದಲ ಪಾಠ ಮುಖ ಮುಳುಗಿಸಿ ಉಸಿರು ಬಿಡುವುದು. ಸೊಂಟದ ಮಟ್ಟದ ನೀರಿನಲ್ಲಿ ಹುಡುಗ ತಲೆ ತಗ್ಗಿಸಿದ. ದಡದಲ್ಲಿ ಕಂಬಿ ಹಿಡಿದು ನಿಂತಿದ್ದ ಅಪ್ಪ, ಮೇಲೇಳುವ ಒಂದೊಂದು ಗುಳ್ಳೆಯನ್ನೂ ಎಣಿಸುತ್ತಿದ್ದರು.